‘ಬಾಡಿ ಆ್ಯಂಡ್ ಸೋಲ್’: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಭಾನುವಾರ ಸಂಜೆ ನಮ್ಮ ನಡುಮನೆಯಲ್ಲಿ ಏಳೆಂಟು ಜನ ಸೇರಿ ಹಳೆಯ ಜಾಝ್ ಕೇಳುತ್ತೇವೆ. ಬರುವವರಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತ ಕೇಳಿಕೊಂಡೇ ಬೆಳೆದವರು. ಒಬ್ಬರು ಹಾರ್ಮೋನಿಯಂ ನುಡಿಸುತ್ತಾರೆ, ಇಬ್ಬರಿಗೆ ಯಕ್ಷಗಾನದ ಹುಚ್ಚು. ಏನೇ ಹಾಕಿದರೂ ಮಾತು ಕೊನೆಗೆ ‘ಬಾಡಿ ಆ್ಯಂಡ್ ಸೋಲ್’ ಎಂಬ ಒಂದು ಹಾಡಿಗೆ ಬಂದು ನಿಲ್ಲುತ್ತದೆ. ಎಳೆದು ತರುವವನು ನಾನೇ ಎಂಬ ದೂರಿದೆ, ಒಪ್ಪಿಕೊಳ್ಳುತ್ತೇನೆ. ಹೊಸಬರು ಬಂದಾಗೆಲ್ಲ ಅವವೇ ಪ್ರಶ್ನೆಗಳು, ನನ್ನವು ಅವವೇ ಉದ್ದುದ್ದ ಉತ್ತರಗಳು, ಅಷ್ಟರಲ್ಲಿ ಕಾಫಿ ಆರಿರುತ್ತದೆ. ಒಮ್ಮೆ ಬರೆದೇ ಇಟ್ಟುಬಿಡೋಣ ಎನಿಸಿತು.

ಇದು ಯಾವ ಕಾಲದ ಹಾಡು? ಕಟ್ಟಿದವರು ಯಾರು?

1930ರದ್ದು. ಮಟ್ಟು ಹಾಕಿದವನು ನ್ಯೂಯಾರ್ಕಿನ ಜಾನಿ ಗ್ರೀನ್. 1908ರಲ್ಲಿ ಹುಟ್ಟಿದವನು, ಆಗಿನ್ನೂ ಎಳೆಯ ಹುಡುಗ. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿ, ಕೆಲವು ತಿಂಗಳು ಷೇರುಪೇಟೆಯಲ್ಲಿ ದುಡಿದು, ಅದು ಒಗ್ಗದೆ ಪಿಯಾನೊದ ಮುಂದೆ ಬಂದು ಕುಳಿತಿದ್ದ. ಸಾಹಿತ್ಯಕ್ಕೆ ಮೂವರ ಹೆಸರಿದೆ: ಎಡ್ವರ್ಡ್ ಹೇಮನ್, ರಾಬರ್ಟ್ ಸೌರ್, ಫ್ರಾಂಕ್ ಐಟನ್. ಮೂರು ತಲೆ ಸೇರಿ ಬರೆದ ಸಾಹಿತ್ಯ ಹೇಗಿರುತ್ತದೋ ಹಾಗೇ ಇದೆ, ಆ ಮಾತಿಗೆ ಆಮೇಲೆ ಬರೋಣ.

ಹಾಡು ಹುಟ್ಟಿದ್ದು ಗರ್ಟ್ರೂಡ್ ಲಾರೆನ್ಸ್ ಎಂಬ ಬ್ರಿಟಿಷ್ ನಟಿಗಾಗಿ. ಗ್ರೀನ್ ಆಕೆಯ ಹಾಡಿಗೆ ಪಿಯಾನೊ ಸಾಥ್ ಕೊಡುತ್ತಿದ್ದ. ಆಕೆ ಅದನ್ನು ಲಂಡನ್ನಿಗೆ ಕೊಂಡೊಯ್ದಳು. ಅಲ್ಲಿ ಮೊದಮೊದಲು ಅದನ್ನು ಗ್ರಾಮಫೋನ್ ಪ್ಲೇಟಿಗೆ ಇಳಿಸಿದವರಲ್ಲಿ ಜಾಕ್ ಹಿಲ್ಟನ್ ಎಂಬ ಬ್ಯಾಂಡಿನ ಯಜಮಾನನೂ ಒಬ್ಬ. ಈ ಹಿಲ್ಟನ್ ಹೆಸರು ನೆನಪಿರಲಿ, ಮುಂದೆ ಇನ್ನೊಂದು ಸಲ ಬರುತ್ತಾನೆ. ಹೀಗೆ ಅಮೆರಿಕದಲ್ಲಿ ಹುಟ್ಟಿದ ಹಾಡು ಮೊದಲು ಹೆಸರು ಮಾಡಿದ್ದು ಇಂಗ್ಲೆಂಡಿನಲ್ಲಿ. ಅಮೆರಿಕದ ರಂಗಕ್ಕೆ ಬಂದದ್ದು ಅದೇ ವರ್ಷ ಅಕ್ಟೋಬರಿನಲ್ಲಿ, ಬ್ರಾಡ್‌ವೇಯ ‘ಥ್ರೀಸ್ ಎ ಕ್ರೌಡ್’ ಎಂಬ ಹಾಡು-ಕುಣಿತ-ಪ್ರಹಸನಗಳ ಪ್ರದರ್ಶನದಲ್ಲಿ. ಹಾಡಿದಾಕೆ ಲಿಬ್ಬಿ ಹೋಲ್ಮನ್.

ಗ್ರೀನ್ ಆಮೇಲೆ ಹಾಲಿವುಡ್ಡಿಗೆ ಹೋಗಿ ಎಂಜಿಎಂ ಸ್ಟುಡಿಯೋದ ಸಂಗೀತ ವಿಭಾಗದ ಮುಖ್ಯಸ್ಥನಾದ, ಐದು ಆಸ್ಕರ್ ಗೆದ್ದ. ಜಾಝ್ ನುಡಿಸುವವರ ಬಾಯಲ್ಲಿ ಆ ಐದರ ಸುದ್ದಿಯೇ ಬರುವುದಿಲ್ಲ.

ಹೆಸರಿನ ಅರ್ಥವೇನು?

ದೇಹ ಮತ್ತು ಆತ್ಮ, ಎರಡನ್ನೂ ನಿನಗೇ ಒಪ್ಪಿಸಿದ್ದೇನೆ ಎನ್ನುವ ಭಾವ. ತನುವನ್ನೂ ಮನವನ್ನೂ ಕೊಟ್ಟಾಯಿತು, ನೀನು ಮಾತ್ರ ತಿರುಗಿ ನೋಡುತ್ತಿಲ್ಲ ಎಂಬ ವಿರಹ. ಕನ್ನಡದ ಕಿವಿಗೆ ‘ಸೋಲ್’ ಎಂಬುದು ‘ಸೋಲು’ ಎಂದೂ ಕೇಳಿಸುತ್ತದೆ. ನಮ್ಮ ಗುಂಪಿನ ಅಜ್ಜಿಯೊಬ್ಬರು ವರ್ಷಗಟ್ಟಲೆ ಹಾಗೇ ತಿಳಿದಿದ್ದರು. ನಾನು ತಿದ್ದಲಿಲ್ಲ, ಯಾಕೆಂದರೆ ಹಾಡಿನಲ್ಲಿರುವುದೂ ಅದೇ ತಾನೆ.

ಹಾಗಾದರೆ ಇದು ಹುಟ್ಟುವಾಗಲೇ ಜಾಝ್ ಆಗಿರಲಿಲ್ಲವೇ?

ಇರಲಿಲ್ಲ. ಇದು ರಂಗದ ಹಾಡು. ಒಲಿಯದ ಗಂಡಸಿಗಾಗಿ ಹೆಂಗಸು ಕೊರಗುವ ಇಂಥ ಹಾಡುಗಳನ್ನು ಆ ಕಾಲದ ಅಮೆರಿಕದಲ್ಲಿ ‘ಟಾರ್ಚ್ ಸಾಂಗ್’ ಎನ್ನುತ್ತಿದ್ದರು. ನಮ್ಮ ಜಾವಳಿಗಳನ್ನು ನೆನೆಸಿಕೊಳ್ಳಿ, ನಾಯಕಿಯ ಸ್ಥಿತಿ ಸುಮಾರಾಗಿ ಗೊತ್ತಾಗುತ್ತದೆ. ಜಾವಳಿಯ ತುಂಟತನ ಮಾತ್ರ ಇಲ್ಲಿ ಇಲ್ಲ, ಪೂರ್ತಿ ಅಳಲು.

ಜಾಝ್‌ನವರು ‘ಸ್ಟ್ಯಾಂಡರ್ಡ್’ ಎಂದು ಕರೆಯುವ ಹಾಡುಗಳಲ್ಲಿ ಬಹಳಷ್ಟು ಹೀಗೆ ನಾಟಕ, ಸಿನಿಮಾಗಳಿಂದ ಎತ್ತಿಕೊಂಡವು. ಅದರಲ್ಲಿ ನಿಧಾನ ನಡೆಯ, ಪ್ರೀತಿ-ವಿರಹದ ಹಾಡಿಗೆ ‘ಬ್ಯಾಲಡ್’ ಎಂದು ಹೆಸರು. ಕಥೆ ಹೇಳುವ ಲಾವಣಿಗೂ ಇಂಗ್ಲಿಷಿನಲ್ಲಿ ಅದೇ ಹೆಸರಿರುವುದರಿಂದ ಗೊಂದಲವಾಗುತ್ತದೆ. ಇಲ್ಲಿ ಕಥೆಗಿಥೆ ಏನೂ ಇಲ್ಲ.

ರೇಡಿಯೋದಲ್ಲಿ ಇದನ್ನು ನಿಷೇಧಿಸಿದ್ದರಂತೆ, ಹೌದೇ?

ಹೌದು, ಅಮೆರಿಕದ ರೇಡಿಯೋದಲ್ಲಿ ಸ್ವಲ್ಪ ಕಾಲ ಇದನ್ನು ಹಾಡಲು ಬಿಡಲಿಲ್ಲ. ಹೆಂಗಸೊಬ್ಬಳು ‘ದೇಹ’ ಎಂಬ ಮಾತೆತ್ತಿ ಅದನ್ನು ಒಪ್ಪಿಸುತ್ತೇನೆ ಎನ್ನುವುದು ಸಭ್ಯರ ಮನೆಯ ನಡುಮನೆಗೆ ತಕ್ಕದ್ದಲ್ಲ ಎಂಬ ಕಾರಣಕ್ಕೆ. ಈಗ ಕೇಳಿದರೆ ನಗು ಬರುವಷ್ಟು ಮಡಿವಂತ ಸಾಹಿತ್ಯ ಅದು.

ಸಾಹಿತ್ಯದ ಬಗ್ಗೆ ನಿಮಗೆ ಅಷ್ಟೇಕೆ ಅಸಮಾಧಾನ?

ಅಸಮಾಧಾನ ಎಂದರೆ ದೊಡ್ಡ ಮಾತಾಯಿತು. ಸಾಲುಗಳು ಸಾಧಾರಣ, ಪ್ರಾಸ ಹೊಂದಿಸಲು ಒದ್ದಾಡಿದ ಗುರುತು ಅಲ್ಲಲ್ಲಿ ಕಾಣುತ್ತದೆ. ಮಟ್ಟು ಇಷ್ಟು ಚೆನ್ನಾಗಿಲ್ಲದಿದ್ದರೆ ಈ ಸಾಹಿತ್ಯವನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಹಾಡಿನ ಅದೃಷ್ಟವೂ ಇದರಲ್ಲೇ ಇದೆ ಎಂದು ನನ್ನ ಎಣಿಕೆ. ಮಾತು ಗಟ್ಟಿಯಾಗಿದ್ದರೆ ವಾದ್ಯದವರು ಅದನ್ನು ಬಿಟ್ಟು ಹೊರಡಲು ಹಿಂದೆಮುಂದೆ ನೋಡುತ್ತಿದ್ದರೇನೋ. ಇಲ್ಲಿ ತಡೆಯುವವರು ಯಾರೂ ಇರಲಿಲ್ಲ.

ಮಟ್ಟಿನಲ್ಲಿ ಅಂಥದ್ದೇನಿದೆ? ನನಗೆ ಪಾಶ್ಚಾತ್ಯ ಸಂಗೀತದ ಗಂಧವೇ ಇಲ್ಲ.

ಹಾರ್ಮೋನಿಯಂ ನೋಡಿದ್ದೀರಲ್ಲ, ಅಷ್ಟು ಸಾಕು.

ಮೊದಲು ಒಟ್ಟು ಆಕಾರ. ಹಾಡಿನ ಒಂದು ಸುತ್ತು ಎಂದರೆ 32 ಆವರ್ತ, ನಾಲ್ಕು ನಾಲ್ಕು ಅಕ್ಷರದ್ದು. ಅದನ್ನು ಎಂಟೆಂಟರ ನಾಲ್ಕು ತುಂಡು ಮಾಡಿ. ಮೊದಲ ತುಂಡು, ಅದೇ ಮತ್ತೊಮ್ಮೆ, ಆಮೇಲೆ ಬೇರೆಯೇ ಒಂದು, ಕೊನೆಗೆ ಮತ್ತೆ ಮೊದಲಿನದೇ. ಆ ಬೇರೆ ತುಂಡಿಗೆ ‘ಬ್ರಿಡ್ಜ್’ ಎನ್ನುತ್ತಾರೆ, ಸೇತುವೆ. ಪಲ್ಲವಿ ಎರಡು ಸಲ, ಒಂದು ಚರಣ, ಮತ್ತೆ ಪಲ್ಲವಿ ಎಂದುಕೊಂಡರೂ ಬಾಧಕವಿಲ್ಲ. ಇಷ್ಟರಲ್ಲಿ ವಿಶೇಷವೇನೂ ಇಲ್ಲ, ಆ ಕಾಲದ ನೂರಾರು ಹಾಡುಗಳ ಅಚ್ಚು ಇದೇ.

ವಿಶೇಷ ಒಳಗಿದೆ. ಒಂದೇ ಏಟಿಗೆ ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಸಿದರೆ ಅದು ಕಾರ್ಡ್. ಮಟ್ಟು ಮೇಲೆ ಹರಿಯುತ್ತಿದ್ದರೆ ಕೆಳಗೆ ಕಾರ್ಡುಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. ಸಾಮಾನ್ಯ ಹಾಡು ಷಡ್ಜದ ಕಾರ್ಡಿನಿಂದ ಶುರುವಾಗುತ್ತದೆ, ಕೇಳುಗನಿಗೆ ತಾನು ಯಾವ ಮನೆಯಲ್ಲಿದ್ದೇನೆಂದು ತಕ್ಷಣ ತಿಳಿಯುತ್ತದೆ. ಈ ಹಾಡು ರಿಷಭದ ಮೇಲೆ ಕಟ್ಟಿದ, ಮಂಕು ಬಣ್ಣದ ಕಾರ್ಡಿನಿಂದ ಶುರು. ಬಂದವರು ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟ ಹಾಗೆ. ಸಾಲದ್ದಕ್ಕೆ ಹಾಡು ಸಮದ ಮೇಲೆ ಎತ್ತುವುದೂ ಇಲ್ಲ, ಪೆಟ್ಟು ಕಳೆದ ಮೇಲೆ ಎತ್ತುತ್ತದೆ. ನಮ್ಮ ಎಷ್ಟೋ ಕೀರ್ತನೆಗಳ ಎಡುಪು ಹೀಗೇ ಇರುವುದರಿಂದ ನಮಗೆ ಇದು ಹೊಸದಲ್ಲ. ಆದರೆ ಎರಡೂ ಸೇರಿದಾಗ ಹಾಡುವವಳು ಬಹಳ ಹೊತ್ತಿನಿಂದ ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದು, ನಮ್ಮ ಕಿವಿಗೆ ಈಗಷ್ಟೇ ಬಿತ್ತು ಅನಿಸುತ್ತದೆ.

ಇನ್ನು ಸೇತುವೆ. ಹಾಡಿನ ಶ್ರುತಿ ಕಪ್ಪು ಒಂದು ಎಂದಿಟ್ಟುಕೊಳ್ಳಿ. ಸೇತುವೆಗೆ ಬಂದ ಕೂಡಲೇ ಇಡೀ ಹಾಡು ಅರ್ಧ ಮನೆ ಮೇಲಕ್ಕೆ, ಬಿಳಿ ಎರಡಕ್ಕೆ ಏರಿಬಿಡುತ್ತದೆ. ಗ್ರಹಭೇದದಲ್ಲಿ ನಾವು ಇದ್ದ ಸ್ವರಗಳಲ್ಲೇ ಬೇರೊಂದನ್ನು ಷಡ್ಜ ಎಂದು ಭಾವಿಸುತ್ತೇವೆ, ತಂಬೂರಿ ಮುಟ್ಟುವುದಿಲ್ಲ. ಇಲ್ಲಿ ಪಲ್ಲವಿ ಮುಗಿದು ಚರಣಕ್ಕೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಯಾರೋ ತಂಬೂರಿಯ ಬಿರಡೆಯನ್ನೇ ತಿರುಗಿಸಿದ್ದಾರೆ. ನಾಲ್ಕು ಆವರ್ತ ಕಳೆಯುವಷ್ಟರಲ್ಲಿ ಅಲ್ಲಿಂದಲೂ ಇಳಿದು ಬಿಳಿ ಒಂದಕ್ಕೆ ಬರುತ್ತದೆ. ಅಲ್ಲಿಂದ ಮೂರು ಕಾರ್ಡು, ಅರ್ಧರ್ಧ ಮನೆಯಂತೆ ಮೆಟ್ಟಿಲಿಳಿದು, ಕೊನೆಯ ಮೆಟ್ಟಿಲಿನಿಂದ ಕಾಲಿಟ್ಟರೆ ಅದೇ ಹಿತ್ತಲ ಬಾಗಿಲು, ಅದೇ ಮಂಕು ಕಾರ್ಡು. ಎಂಟು ಆವರ್ತದಲ್ಲಿ ಎರಡು ಪರದೇಶ ಸುತ್ತಿ ಊರಿಗೆ ವಾಪಸು.

ನಮ್ಮ ಹಾರ್ಮೋನಿಯಂ ಮಿತ್ರರು ಮೊದಲ ಸಲ ಕೇಳಿದಾಗ ಸೇತುವೆಯ ಹತ್ತಿರ ಬೆಚ್ಚಿ ನನ್ನ ಮುಖ ನೋಡಿದ್ದರು, ರೆಕಾರ್ಡು ಕೆಟ್ಟಿದೆಯೇ ಎಂಬಂತೆ. 1930ರಲ್ಲಿ ಒಂದು ಜನಪ್ರಿಯ ಹಾಡಿಗೆ ಇದು ದುಸ್ಸಾಹಸವೇ. ನುಡಿಸುವವನ ಕಡೆಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಪಲ್ಲವಿಯಲ್ಲಿ ಎಷ್ಟೇ ಜಾಣತನ ತೋರಿಸಿದರೂ ಸೇತುವೆಯಲ್ಲಿ ಕಾಲು ಜಾರಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಎಲ್ಲರೂ ಕೋಲ್‌ಮನ್ ಹಾಕಿನ್ಸ್ ಎನ್ನುತ್ತಾರಲ್ಲ, ಅವನು ಮಾಡಿದ್ದೇನು?

ಉದ್ದ ಉತ್ತರ ಇದಕ್ಕೇ.

ಹಾಕಿನ್ಸ್ 1904ರಲ್ಲಿ ಮಿಸ್ಸೌರಿ ರಾಜ್ಯದಲ್ಲಿ ಹುಟ್ಟಿದ ಕಪ್ಪು ಜನಾಂಗದ ವಾದಕ. ಬಾಲ್ಯದಲ್ಲಿ ಪಿಯಾನೊ, ಚೆಲ್ಲೊ ಕಲಿತು, ಟೆನರ್ ಸ್ಯಾಕ್ಸೊಫೋನ್ ಹಿಡಿದ. ಆ ವಾದ್ಯವನ್ನು ಆಗ ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ, ಹಾಸ್ಯದ ಮೇಳಗಳಲ್ಲಿ ಚಿತ್ರವಿಚಿತ್ರ ಸದ್ದು ಹೊರಡಿಸಿ ಜನರನ್ನು ನಗಿಸಲು ಇದ್ದ ವಸ್ತು ಅದು. ಫ್ಲೆಚರ್ ಹೆಂಡರ್ಸನ್ ಬ್ಯಾಂಡಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ನುಡಿಸಿ ಹಾಕಿನ್ಸ್ ಅದಕ್ಕೊಂದು ತುಂಬು ದನಿ ಕೊಟ್ಟ.

1934ರಲ್ಲಿ ಅವನು ಇಂಗ್ಲೆಂಡಿಗೆ ಹೊರಟ. ಕರೆಸಿಕೊಂಡವನು ಅದೇ ಜಾಕ್ ಹಿಲ್ಟನ್. ಕೆಲವು ತಿಂಗಳಿಗೆಂದು ಹೋದವನು ಐದು ವರ್ಷ ಯುರೋಪಿನಲ್ಲೇ ಉಳಿದ. ಹಿಲ್ಟನ್ ತಂಡ ಜರ್ಮನಿಗೆ ಹೋಗುವಾಗ ನಾತ್ಸಿ ಸರಕಾರ ಈ ಕಪ್ಪು ವಾದಕನನ್ನು ಒಳಗೆ ಬಿಡಲಿಲ್ಲ. 1939ರ ಬೇಸಿಗೆಯಲ್ಲಿ, ಯುದ್ಧದ ಮೋಡ ಕವಿಯುತ್ತಿದ್ದಾಗ, ನ್ಯೂಯಾರ್ಕಿಗೆ ಮರಳಿದ. ಊರಿನಲ್ಲಿ ಅಷ್ಟರೊಳಗೆ ಗಾಳಿ ಬದಲಾಗಿತ್ತು. ಲೆಸ್ಟರ್ ಯಂಗ್ ಎಂಬವನು ಅದೇ ಟೆನರನ್ನು ಹಗುರವಾಗಿ, ತೇಲಿಸಿ ನುಡಿಸುತ್ತಿದ್ದ, ಹುಡುಗರೆಲ್ಲ ಅವನ ಹಿಂದೆ. ಹಾಕಿನ್ಸ್‌ನ ಕಾಲ ಮುಗಿಯಿತು ಎಂದುಕೊಂಡವರೂ ಇದ್ದರು.

1939ರ ಅಕ್ಟೋಬರ್ 11ರಂದು ಬ್ಲೂಬರ್ಡ್ ಕಂಪನಿಗೆ ಅವನ ಧ್ವನಿಮುದ್ರಣ. ‘ಮೀಟ್ ಡಾಕ್ಟರ್ ಫೂ’ ಮೊದಲಾದ ಬೇರೆ ಹಾಡುಗಳೂ ಪಟ್ಟಿಯಲ್ಲಿದ್ದವು. ಕೆಲ್ಲೀಸ್ ಸ್ಟೇಬಲ್ ಎಂಬ ಕ್ಲಬ್ಬಿನಲ್ಲಿ ಅವನು ರಾತ್ರಿಯ ಕೊನೆಗೆ ‘ಬಾಡಿ ಆ್ಯಂಡ್ ಸೋಲ್’ ನುಡಿಸುತ್ತಿದ್ದ, ಕಂಪನಿಯವರು ಅದೂ ಒಂದು ಆಗಲಿ ಎಂದರು. ಅವನಿಗೆ ಅದರಲ್ಲಿ ಅಂಥ ಉಮೇದು ಇರಲಿಲ್ಲ.

ಜೀನ್ ರಾಜರ್ಸ್ ಪಿಯಾನೊದಲ್ಲಿ ನಾಲ್ಕು ಆವರ್ತ ಪೀಠಿಕೆ ಹಾಕುತ್ತಾನೆ. ಹಾಕಿನ್ಸ್ ಒಳಬರುತ್ತಾನೆ. ಮೊದಲ ಕೆಲವು ಆವರ್ತ ಮಟ್ಟಿನ ಆಸುಪಾಸಿನಲ್ಲೇ ಇರುತ್ತಾನೆ, ಅಲ್ಲೂ ಅಂಚು ಸವರಿಕೊಂಡು. ಆಮೇಲೆ ಮಟ್ಟನ್ನು ಬಿಟ್ಟೇಬಿಡುತ್ತಾನೆ, ಕೊನೆಯವರೆಗೂ ಅದರತ್ತ ತಿರುಗುವುದಿಲ್ಲ. ಎರಡು ಸುತ್ತು, 64 ಆವರ್ತ, ಸುಮಾರು ಮೂರು ನಿಮಿಷ. ಆ ಕಾಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದೂ ಅಷ್ಟೇ. ಹಾಡುವವರಿಲ್ಲ, ಬೇರೆಯವರ ಸರದಿ ಇಲ್ಲ. ಕೆಳಗೆ ಬದಲಾಗುತ್ತಿರುವ ಪ್ರತಿಯೊಂದು ಕಾರ್ಡನ್ನೂ ಬಿಡಿಸಿ, ಅದರ ಸ್ವರಗಳನ್ನು ಮೇಲೆ ಕೆಳಗೆ ಪೋಣಿಸಿ, ಒಂದರಿಂದ ಮುಂದಿನದಕ್ಕೆ ದಾರಿ ಮಾಡಿಕೊಂಡು ಹೋಗುತ್ತಾನೆ. ಮೊದಲ ಸುತ್ತಿನಲ್ಲಿ ಪಿಸುಮಾತು, ವಾದ್ಯದ ಜೊತೆಗೆ ಉಸಿರೂ ಕೇಳಿಸುತ್ತದೆ. ಎರಡನೆಯದರಲ್ಲಿ ಹಿಂದಿನಿಂದ ಉಳಿದ ಊದುವವರು ಉದ್ದನೆಯ ಸ್ವರಗಳ ಹಾಸು ಹಾಸುತ್ತಾರೆ, ಅವನ ದನಿ ದಪ್ಪವಾಗುತ್ತದೆ, ಏರುತ್ತದೆ, ಕೊನೆಯ ಹತ್ತಿರ ತಾರಸ್ಥಾಯಿಯಲ್ಲಿ ಕೂಗೇ ಆಗುತ್ತದೆ. ರಾಗವನ್ನು ಮಂದ್ರದಿಂದ ಹಂತಹಂತವಾಗಿ ಎತ್ತಿಕೊಂಡು ಹೋಗುವ ಕ್ರಮ ಬಲ್ಲವರಿಗೆ ಈ ಏರಿಕೆ ಅರ್ಥವಾಗಲು ಯಾರ ವಿವರಣೆಯೂ ಬೇಡ.

ಜನ ಇದನ್ನು ಕೊಂಡರು. ಹೋಟೆಲುಗಳಲ್ಲಿ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳಲ್ಲಿ ಇದು ಓಡಿತು. ಮಟ್ಟೇ ಇಲ್ಲದ, ಮಾತೇ ಇಲ್ಲದ ಬರಿಯ ಮನೋಧರ್ಮದ ಒಂದು ಪ್ಲೇಟು ಬೀದಿಯ ಜನರ ಮೆಚ್ಚುಗೆ ಗಳಿಸಿತು ಎಂಬುದು ನನಗೆ ಇಂದಿಗೂ ಸೋಜಿಗ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2004ರಲ್ಲಿ ಇದನ್ನು ಕಾಪಾಡಬೇಕಾದ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಮಟ್ಟನ್ನೇ ಬಿಟ್ಟ ಮೇಲೆ ಅದು ಅದೇ ಹಾಡು ಹೇಗಾಗುತ್ತದೆ?

ಕರ್ನಾಟಕ ಸಂಗೀತದವರು ಇದನ್ನು ತಪ್ಪದೆ ಕೇಳುತ್ತಾರೆ, ಕೇಳಬೇಕಾದ್ದೇ. ನಮ್ಮಲ್ಲಿ ನೆರವಲ್ ಮಾಡುವಾಗ ಸಾಹಿತ್ಯದ ಸಾಲು ಕೈಬಿಡುವುದಿಲ್ಲ, ಆಲಾಪನೆಯಲ್ಲಿ ರಾಗ ಕೈಬಿಡುವುದಿಲ್ಲ. ಹಾಕಿನ್ಸ್‌ಗೆ ಎರಡೂ ಇಲ್ಲ. ಅವನ ಕೈಯಲ್ಲಿ ಉಳಿದದ್ದು ಕಾರ್ಡುಗಳ ದಾರಿ ಒಂದೇ. ಯಾವ ಆವರ್ತಕ್ಕೆ ಎಲ್ಲಿ ತಿರುವು, ಎಲ್ಲಿ ಏರು, ಎಲ್ಲಿ ಮೆಟ್ಟಿಲು, ಅಷ್ಟೇ. ಆ ದಾರಿಯಲ್ಲಿ ಯಾವ ಚಪ್ಪಲಿ ಹಾಕಿ ನಡೆದರೂ ಹಾಡು ಅದೇ.

1944ರಲ್ಲಿ ಅವನೇ ಈ ವಾದವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದ. ಅದೇ ಕಾರ್ಡುಗಳ ಮೇಲೆ ಬೇರೆ ಏನನ್ನೋ ನುಡಿಸಿ ‘ರೇನ್‌ಬೋ ಮಿಸ್ಟ್’ ಎಂದು ಹೆಸರಿಟ್ಟ. ಹೆಸರೂ ಹೋಯಿತು, ಮಟ್ಟೂ ಹೋಯಿತು. ಹಾಕಿ ಕೇಳಿಸಿದರೆ ನಮ್ಮ ಗುಂಪಿನಲ್ಲಿ ಮೂವರು ತಕ್ಷಣ ಗುರುತು ಹಿಡಿದರು, ಸೇತುವೆ ಬಂದಾಗ.

ಈ ಹಾಡಿನ ಆಯುಷ್ಯಕ್ಕೆ ನನಗೆ ಕಾಣುವ ಕಾರಣವೂ ಇದೇ. ತನ್ನನ್ನು ಬಿಟ್ಟು ಹೋಗುವವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಹಾಡು ಕಡಿಮೆ.

ಹಾಕಿನ್ಸ್‌ಗಿಂತ ಮೊದಲು ಜಾಝ್‌ನವರು ನುಡಿಸಿರಲಿಲ್ಲವೇ?

ನುಡಿಸಿದ್ದರು. ಲೂಯಿ ಆರ್ಮ್‌ಸ್ಟ್ರಾಂಗ್ 1930ರ ಅಕ್ಟೋಬರಿನಲ್ಲೇ, ಲಾಸ್ ಏಂಜಲಿಸ್‌ನಲ್ಲಿ, ಹಾಡಿ ಟ್ರಂಪೆಟ್ಟನ್ನೂ ಊದಿದ್ದ. ಬ್ರಾಡ್‌ವೇಯಲ್ಲಿ ಹಾಡು ಬಂದ ತಿಂಗಳೇ ಅದು.

1935ರ ಜುಲೈನಲ್ಲಿ ಬೆನ್ನಿ ಗುಡ್‌ಮನ್ ಟ್ರಯೊ ಮುದ್ರಿಸಿತು. ಗುಡ್‌ಮನ್ ಕ್ಲಾರಿನೆಟ್, ಟೆಡ್ಡಿ ವಿಲ್ಸನ್ ಪಿಯಾನೊ, ಜೀನ್ ಕ್ರೂಪ ಡ್ರಮ್ಸ್. ವಿಲ್ಸನ್ ಕಪ್ಪು, ಉಳಿದಿಬ್ಬರು ಬಿಳಿಯರು. ಒಂದೇ ವೇದಿಕೆಯ ಮೇಲೆ ಹಾಗೆ ಕೂರುವುದು ಅಂದಿನ ಅಮೆರಿಕದಲ್ಲಿ ನಡೆಯುವ ಮಾತಾಗಿರಲಿಲ್ಲ. ಸ್ಟುಡಿಯೋದಲ್ಲಿ ಮುಖ ಕಾಣದಿದ್ದರಿಂದ ಮೊದಲು ಅಲ್ಲಿ ಸಾಧ್ಯವಾಯಿತು, ಸಭೆಗೆ ಬಂದದ್ದು ಮರುವರ್ಷ.

1938ರಲ್ಲಿ ಚೂ ಬೆರಿ ಎಂಬ ಟೆನರ್ ವಾದಕ ಟ್ರಂಪೆಟ್ಟಿನ ರಾಯ್ ಎಲ್ಡ್ರಿಜ್ ಜೊತೆ ನುಡಿಸಿದ್ದಾನೆ. ನಡುವೆ ಎಲ್ಡ್ರಿಜ್ ಒಮ್ಮೆಲೇ ಎರಡನೇ ಕಾಲಕ್ಕೆ ಹೋಗುವಾಗ ಮೈ ಜುಮ್ಮೆನ್ನುತ್ತದೆ. ಹಾಕಿನ್ಸ್ ಇಲ್ಲದಿದ್ದರೆ ನಾವು ಇದನ್ನೇ ಹೊಗಳುತ್ತಿದ್ದೆವು. ಬೆರಿ 1941ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ, ಮೂವತ್ತಮೂರರ ಪ್ರಾಯ.

ಚಾರ್ಲಿ ಪಾರ್ಕರ್ ಈ ಹಾಡು ನುಡಿಸಿ ಅವಮಾನಪಟ್ಟ ಕಥೆ ನಿಜವೇ?

ಪಾರ್ಕರ್ ತಾನೇ ಹೇಳಿಕೊಂಡದ್ದು. ಮುಂದೆ ಜಾಝ್‌ನ ದೊಡ್ಡ ಹೆಸರಾದವನು, ಆಗಿನ್ನೂ ಕಾನ್ಸಾಸ್ ಸಿಟಿಯ ಹುಡುಗ, ಒಂದೆರಡು ಹಾಡಿನ ತುಂಡುಗಳಷ್ಟೇ ಗೊತ್ತು. ದೊಡ್ಡವರು ಕಲೆತು ನುಡಿಸುವ ಕಡೆ ಆಲ್ಟೊ ಸ್ಯಾಕ್ಸ್ ಹಿಡಿದು ಹೋದ. ‘ಬಾಡಿ ಆ್ಯಂಡ್ ಸೋಲ್’ ಬಂದಾಗ ಎರಡನೇ ಕಾಲದಲ್ಲಿ ನುಡಿಸಲು ಹೊರಟು ದಾರಿ ತಪ್ಪಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮನೆಗೆ ಹೋಗಿ ಅತ್ತ. ಮೂರು ತಿಂಗಳು ವಾದ್ಯ ಮುಟ್ಟಲಿಲ್ಲ.

ಕೆಲವು ವರ್ಷ ಕಳೆದು, 1940ರ ಸುಮಾರಿಗೆ, ಅವನು ಒಬ್ಬನೇ, ಪಕ್ಕವಾದ್ಯವಿಲ್ಲದೆ ನುಡಿಸಿದ ಒಂದು ಮುದ್ರಣ ಉಳಿದುಬಂದಿದೆ, ಅವನದೆಂದು ಸಿಕ್ಕಿರುವ ಅತಿ ಹಳೆಯ ಮುದ್ರಣಗಳಲ್ಲಿ ಒಂದು. ಎರಡು ಹಾಡು ಜೋಡಿಸಿ ನುಡಿಸುತ್ತಾನೆ. ಅವುಗಳಲ್ಲಿ ಒಂದು ಇದೇ. ನಕ್ಕವರಿಗೆ ಉತ್ತರವೋ, ಅಭ್ಯಾಸವೋ, ಅವನಿಗೇ ಗೊತ್ತು.

ಹಾಡಿದವರಲ್ಲಿ ಯಾರನ್ನು ಕೇಳಬೇಕು?

ಬಿಲ್ಲಿ ಹಾಲಿಡೇ, 1940. ನಾನು ಸಾಹಿತ್ಯದ ಬಗ್ಗೆ ಆಡಿದ ಮಾತನ್ನೆಲ್ಲ ಆಕೆಯ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಪೆಟ್ಟಿಗಿಂತ ಒಂದು ಕೂದಲೆಳೆ ತಡವಾಗಿ ಬಂದು, ಸಾಧಾರಣ ಸಾಲನ್ನು ನಂಬಿ ಹಾಡುತ್ತಾಳೆ. ಸಾರಾ ವಾನ್ ದನಿಯ ವಿಸ್ತಾರಕ್ಕೆ, ಅದಕ್ಕಷ್ಟೇ. ಎಡ್ಡಿ ಜೆಫರ್ಸನ್ ಮಾಡಿದ್ದು ಬೇರೆಯೇ ಕೆಲಸ: ಹಾಕಿನ್ಸ್ 1939ರಲ್ಲಿ ನುಡಿಸಿದ ಸ್ವರಸ್ವರಕ್ಕೂ ಹೊಸ ಮಾತು ಬರೆದು ಹಾಡಿಬಿಟ್ಟ. ಕಲ್ಪನಾಸ್ವರಕ್ಕೆ ಯಾರೋ ಸಾಹಿತ್ಯ ಹಾಕಿದ ಹಾಗೆ. ಆ ಮಾತುಗಳಲ್ಲಿ ಇರುವುದು ಹಾಕಿನ್ಸ್‌ನ ಹೊಗಳಿಕೆಯೇ.

ಏಮಿ ವೈನ್‌ಹೌಸ್ ಮತ್ತು ಟೋನಿ ಬೆನೆಟ್ ಜೋಡಿಯದನ್ನು ಹುಡುಗರು ತಪ್ಪದೆ ಕೇಳುತ್ತಾರೆ. 2011ರ ಮಾರ್ಚ್ 23, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋ. ಬೆನೆಟ್‌ಗೆ 84, ಆಕೆಗೆ 27. ಆ ದಿನದ ಚಿತ್ರೀಕರಣ ಆಕೆಯ ಕುರಿತ ಸಾಕ್ಷ್ಯಚಿತ್ರದಲ್ಲಿದೆ. ಆಕೆ ಅಳುಕುತ್ತಾಳೆ, ನಿಮ್ಮ ಸಮಯ ಹಾಳು ಮಾಡುತ್ತಿದ್ದೇನೆ ಎಂದು ಚಡಪಡಿಸುತ್ತಾಳೆ. ಹಿರಿಯ ಅವಸರ ಮಾಡದೆ ಕಾಯುತ್ತಾನೆ. ನೀನು ಡೈನಾ ವಾಷಿಂಗ್‌ಟನ್ ಹಾಡು ಕೇಳಿ ಬೆಳೆದವಳು ತಾನೆ ಎನ್ನುತ್ತಾನೆ. ಆ ಹೆಸರು ಕೇಳಿದ್ದೇ ಹುಡುಗಿಯ ಮುಖ ಅರಳುತ್ತದೆ. ಜುಲೈ 23ಕ್ಕೆ, ಸರಿಯಾಗಿ ನಾಲ್ಕು ತಿಂಗಳಿಗೆ ಆಕೆ ಇಲ್ಲ. ಆಕೆಯ ಕೊನೆಯ ಸ್ಟುಡಿಯೋ ಮುದ್ರಣ ಇದು. ಸೆಪ್ಟೆಂಬರ್ 14ಕ್ಕೆ, ಬದುಕಿದ್ದರೆ 28ನೇ ಹುಟ್ಟುಹಬ್ಬವಾಗುತ್ತಿದ್ದ ದಿನ, ಬಿಡುಗಡೆಯಾಯಿತು, ಮುಂದೆ ಗ್ರ್ಯಾಮಿ ಗೆದ್ದಿತು.

ಇದನ್ನು ಹಾಡಾಗಿ ಮಾತ್ರ ಕೇಳುವುದು ಈಗ ನನ್ನಿಂದ ಆಗುವುದಿಲ್ಲ. ಹಾಗಾಗಿ ಅದರ ಗುಣದೋಷ ಹೇಳುವ ಅರ್ಹತೆ ನನಗಿಲ್ಲ.

ಹಾಕಿನ್ಸ್ ಆದಮೇಲೆ ಟೆನರ್ ವಾದಕರಿಗೆ ಏನು ಉಳಿಯಿತು?

ಅದೇ ಅವರ ಸಂಕಟ. ಯಾರು ನುಡಿಸಿದರೂ 1939ರ ಪಕ್ಕ ಇಟ್ಟು ನೋಡುತ್ತಾರೆ. ಸನ್ನಿ ರಾಲಿನ್ಸ್ 1958ರಲ್ಲಿ ಕೆಳಗಿನ ಕಾರ್ಡುಗಳನ್ನೇ ತೆಗೆದುಹಾಕಿ, ಒಬ್ಬನೇ ನಿಂತು ನುಡಿಸಿದ. ದಾರಿಯನ್ನು ಕೇಳುಗ ತಲೆಯೊಳಗೇ ಹಾಕಿಕೊಳ್ಳಬೇಕು. ಜಾನ್ ಕೋಲ್ಟ್ರೇನ್ 1960ರ ಅಕ್ಟೋಬರಿನಲ್ಲಿ ದಾರಿಯನ್ನೇ ಅಗೆದು ಹೊಸದಾಗಿ ಹಾಕಿದ. ಪಲ್ಲವಿಯ ಅಡಿಯಲ್ಲಿ ತಂಬೂರಿಯಂತೆ ಕದಲದ ಒಂದು ಸ್ವರ ಕೊಟ್ಟು, ಸೇತುವೆಯಲ್ಲಿ ತಾನೇ ಕಂಡುಕೊಂಡ ಕಾರ್ಡುಗಳ ಚಕ್ರ ಸೇರಿಸಿದ. ನಡೆಯೂ ಚುರುಕು, ಮೆಕಾಯ್ ಟೈನರ್‌ನ ಪಿಯಾನೊ ಗಂಟೆ ಬಾರಿಸಿದಂತೆ. ವಿರಹ ಎಲ್ಲಿ ಹೋಯಿತು ಎಂದು ಕೇಳಿದವರಿದ್ದಾರೆ. ನನಗೆ ಅದು ತಪಸ್ಸಿಗೆ ತಿರುಗಿದಂತೆ ಕೇಳಿಸುತ್ತದೆ.

ಸ್ಯಾಕ್ಸ್ ಬಿಟ್ಟರೆ, 1940ರಲ್ಲಿ ಡ್ಯೂಕ್ ಎಲಿಂಗ್‌ಟನ್ ಪಿಯಾನೊ ಮತ್ತು ಜಿಮ್ಮಿ ಬ್ಲಾಂಟನ್ ಬೇಸ್, ಇಬ್ಬರೇ ನುಡಿಸಿದ್ದಿದೆ. ಮೂಲೆಯಲ್ಲಿ ನಿಂತು ತಾಳ ಕೊಡುವುದೇ ಕೆಲಸವಾಗಿದ್ದ ಬೇಸ್, ಕಮಾನು ಹಿಡಿದು ಹಾಡನ್ನೇ ವಹಿಸಿಕೊಳ್ಳುತ್ತದೆ. ಹೆಡ್‌ಫೋನ್‌ನಲ್ಲಿ ಕೇಳಿ, ಮೊಬೈಲಿನ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ.

ಮೊದಲ ಸಲ ಕೇಳುವವರು ಎಲ್ಲಿಂದ ಶುರು ಮಾಡಬೇಕು?

ಹಾಲಿಡೇ ಮೊದಲು, ಮಟ್ಟು ಬಾಯಿಗೆ ಬರುವವರೆಗೆ. ಒಂದು ವಾರ ಬಿಟ್ಟು ಹಾಕಿನ್ಸ್. ಕೇಳುವಾಗ ಮಟ್ಟನ್ನು ನೀವೇ ಒಳಗೆ ಗುನುಗಿಕೊಳ್ಳಿ, ಅವನು ಅದರ ಸುತ್ತ ಎಲ್ಲೆಲ್ಲಿ ಓಡಾಡುತ್ತಾನೆಂದು ಕಾಣುತ್ತದೆ. ನೇರ ಹಾಕಿನ್ಸ್‌ಗೆ ಹೋದರೆ ಚಂದದ ಸದ್ದು ಎನಿಸಿ ಮುಗಿದುಬಿಡುತ್ತದೆ. ನನಗೂ ಮೊದಲ ಸಲ ಹಾಗೇ ಆಗಿತ್ತು.

ಕನ್ನಡಿಗರಿಗೂ ಇದಕ್ಕೂ ಏನಾದರೂ ನಂಟಿದೆಯೇ?

ಹಾಡಿನೊಡನೆ ಇಲ್ಲ, ಎಳೆದು ಕಟ್ಟುವುದೂ ಬೇಡ. ವಾದ್ಯದೊಡನೆ ಇದೆ. ಹಾಕಿನ್ಸ್ ಒಂದು ನಗೆಪಾಟಲಿನ ವಾದ್ಯಕ್ಕೆ ಘನತೆ ಕೊಟ್ಟಂತೆ, ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥರು ಬ್ಯಾಂಡ್‌ಸೆಟ್ಟಿನ ವಾದ್ಯಕ್ಕೆ ಗಮಕ ಕಲಿಸಿದರು. ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದದ್ದು, ಅದನ್ನು ಒಲಿಸಿಕೊಳ್ಳಲು ವರ್ಷಗಟ್ಟಲೆ ಹೆಣಗಿದ್ದು ನಮ್ಮವರಿಗೆಲ್ಲ ಗೊತ್ತಿರುವ ಕಥೆ. 1980ರ ಮುಂಬಯಿ ಜಾಝ್ ಯಾತ್ರಾದಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ, ಕದ್ರಿಯವರ ಜೊತೆ ನುಡಿಸಿದ. 2008ರ ‘ಕಿನ್ಸ್‌ಮೆನ್’ ಆಲ್ಬಮ್ಮಿನಲ್ಲಿ ಅವರೊಡನೆ ಇರುವ ರುದ್ರೇಶ್ ಮಹಾಂತಪ್ಪ ಅಮೆರಿಕದಲ್ಲಿ ಬೆಳೆದ ಕನ್ನಡ ಮೂಲದ ಜಾಝ್ ವಾದಕ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರ ಜೊತೆ ಚಾರ್ಲಿ ಮರಿಯಾನೊ ಎಂಬ ಆಲ್ಟೊ ವಾದಕ ಮಾಡಿದ ‘ಜ್ಯೋತಿ’ ಆಲ್ಬಮ್ ಕೂಡ ಹುಡುಕಿ ಕೇಳುವಂಥದ್ದು.

ಕದ್ರಿಯವರು ತೀರಿಕೊಂಡದ್ದು 2019ರ ಅಕ್ಟೋಬರ್ 11ರಂದು, ಮಂಗಳೂರಿನಲ್ಲಿ. ಹಾಕಿನ್ಸ್ ಆ ಪ್ಲೇಟು ಮಾಡಿ ಅಂದಿಗೆ ಸರಿಯಾಗಿ 80 ವರ್ಷ. ಕಾಕತಾಳೀಯ, ಅಷ್ಟೇ. ಆದರೂ ಪ್ರತಿ ವರ್ಷ ಆ ದಿನ ಇಬ್ಬರದ್ದನ್ನೂ ಹಾಕುತ್ತೇನೆ.

ನಮ್ಮ ಕಾಲೇಜಿನ ಕಾರ್ಯಕ್ರಮದಲ್ಲಿ ನುಡಿಸಬಹುದೇ? ಹಕ್ಕು ಯಾರದ್ದು?

ಅಮೆರಿಕದ ಲೆಕ್ಕ ಮಾತ್ರ ಹೇಳಬಲ್ಲೆ. ಅಲ್ಲಿ 1930ರಲ್ಲಿ ಪ್ರಕಟವಾದ ಹಾಡಿನ ಹಕ್ಕು 95 ವರ್ಷಕ್ಕೆ, ಅಂದರೆ 2025ರ ಕೊನೆಗೆ ಮುಗಿದು, 2026ರ ಜನವರಿ 1ರಿಂದ ಹಾಡು ಎಲ್ಲರದ್ದು. ಹಾಕಿನ್ಸ್‌ನ ಮುದ್ರಿಕೆಯ ಲೆಕ್ಕ ಬೇರೆ, ಅದಕ್ಕೆ 2040ರವರೆಗೆ ಕಾಯಬೇಕು. ದಾರಿ ಬಿಟ್ಟಿ, ಅವನ ಹೆಜ್ಜೆಗುರುತು ಮಾತ್ರ ಇನ್ನೂ ಬೀಗದೊಳಗೆ. ಇಲ್ಲಿ ಕಾಸು ತೆಗೆದುಕೊಂಡು ಕಾರ್ಯಕ್ರಮ ಮಾಡುವುದಿದ್ದರೆ ಕಾನೂನು ಬಲ್ಲವರನ್ನು ಕೇಳಿ.

ಮೂರು ಸಲ ಕೇಳಿದೆ, ಏನೂ ಅನಿಸಲಿಲ್ಲ. ನನ್ನಲ್ಲೇ ದೋಷವೇ?

ಏನೂ ಇಲ್ಲ, ಒಲಿಯದ್ದನ್ನು ಬಲವಂತವಾಗಿ ಕೇಳಬೇಡಿ. ನಮ್ಮ ಯಕ್ಷಗಾನದ ಹುಚ್ಚಿನವರಲ್ಲಿ ಒಬ್ಬರಿಗೆ ಎರಡು ವರ್ಷವಾದರೂ ಇದು ಹಿಡಿಸಿರಲಿಲ್ಲ. ಹಾಕಿನ್ಸ್ ಹಾಕಿದರೆ ಎದ್ದು ಅಡುಗೆಮನೆಗೆ ಹೋಗಿ ಚಕ್ಕುಲಿ ಡಬ್ಬಿ ಹುಡುಕುತ್ತಿದ್ದರು. ಕಳೆದ ಮಳೆಗಾಲದಲ್ಲಿ ಒಂದು ದಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟರು, ಸೇತುವೆ ದಾಟುವವರೆಗೆ. ಆಮೇಲೆ, “ಭಾಗವತರು ಪದ ಏರಿಸುವಾಗ ಚೆಂಡೆಯವನು ಕಾಯುತ್ತಾನಲ್ಲ, ಹಾಗಿದೆ ಮಾರಾಯ್ರೇ,” ಎಂದರು. ಮತ್ತೊಮ್ಮೆ ಹಾಕಿ ಎಂದರು.